ವೃದ್ಧಾಶ್ರಮಕ್ಕೆ ಸೋಂಕು ತಡೆ ಯೋಜನೆ: ಯುರೋಪಿನ ಕೇರ್ ಹೋಮ್‌ಗಳಿಂದ ಏನು ತೆಗೆದುಕೊಳ್ಳಬೇಕು?

ತೊಗರಿ ಕಣಜ, ಕಲಬುರಗಿ:

ಎಲ್ಲರಿಗೂ ಶರಣು. ಹುಮನಾಬಾದ್ ರಸ್ತೆ ಕಡೆಯ ಒಂದು ವೃದ್ಧಾಶ್ರಮಕ್ಕೆ ಸೋಂಕು ತಡೆ ಯೋಜನೆ ಬರೆಯುವುದಿದೆ. 40 ಹಾಸಿಗೆ. ಕೆಳಗೆ ನಾಲ್ಕು, ಮೇಲೆ ನಾಲ್ಕು ಕೋಣೆ, ಒಂದೊಂದರಲ್ಲಿ ಐದು ಮಂಚ. ಕೋಣೆ 20 ಅಡಿ ಉದ್ದ, 16 ಅಡಿ ಅಗಲ, 10 ಅಡಿ ಎತ್ತರ, ಎದುರುಬದುರು ಕಿಟಕಿ. ನೆಲ ಶಹಾಬಾದ್ ಪರಸಿ. ಸಿಬ್ಬಂದಿ 14 ಜನ. ಅವರಲ್ಲಿ ಆರು ಆಯಾಗಳು ದಿನಗೂಲಿಯವರು. ಇಬ್ಬರು ರಾತ್ರಿ ಪಾಳಿಗೆ ಬೇರೆ ನರ್ಸಿಂಗ್ ಹೋಮಿಗೂ ಹೋಗುತ್ತಾರೆ.

ಸದ್ಯದ ಕರಡಿನಲ್ಲಿ ಇರುವುದು ಮೂರೇ ಅಂಶ: ಗೇಟು ಮುಚ್ಚುವುದು, ಗೇಟಿನಲ್ಲಿ ಜ್ವರದ ಗನ್ ಹಿಡಿಯುವುದು, ಎರಡು ಸ್ಪ್ರೇ ಪಂಪು ಇಡುವುದು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್ 10ರಂದು ನಮ್ಮ ಊರಿನ 76 ವರ್ಷದ ಹಿರಿಯರದ್ದು. ಆ ಊರಿನಲ್ಲಿ ಇಷ್ಟು ತೆಳುವಾದ ಯೋಜನೆ ಇರಬಾರದು ಅನ್ನಿಸುತ್ತದೆ. ಯುರೋಪಿನ ಕೇರ್ ಹೋಮ್‌ಗಳಲ್ಲೂ, ಅಂದರೆ ವೃದ್ಧರ ಆರೈಕೆ ಮನೆಗಳಲ್ಲೂ, ಮೊದಲು ಬಾಗಿಲು ಮುಚ್ಚಿದರು, ಆದರೂ ಅಷ್ಟು ಜನ ಯಾಕೆ ತೀರಿಕೊಂಡರು? ಯೋಜನೆಯಲ್ಲಿ ಮೊದಲು ಏನು ಬರಬೇಕು? ಇನ್ನೊಂದು, ಮೇ ತಿಂಗಳಲ್ಲಿ 43 ಡಿಗ್ರಿ ಇರುವಾಗ ಕಿಟಕಿ ತೆಗೆದಿಡಿ ಎಂದು ಬರೆದರೆ ಯಾರೂ ಪಾಲಿಸುವುದಿಲ್ಲ. ಅದಕ್ಕೇನು ದಾರಿ?

ಕಾರಂಜಾ ದಂಡೆ, ಬೀದರ್:

ತೊಗರಿ ಕಣಜ ಅವರೇ, ಬಾಗಿಲು ಮುಚ್ಚಿದ್ದು ಮಕ್ಕಳು ಮೊಮ್ಮಕ್ಕಳಿಗೆ ಮಾತ್ರ. ಉಳಿದ ಬಾಗಿಲುಗಳು ತೆರೆದೇ ಇದ್ದವು. 2020ರ ಏಪ್ರಿಲ್ 23ರಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ನಿರ್ದೇಶಕ ಹಾನ್ಸ್ ಕ್ಲೂಗೆ ಅವರು, ಹಲವು ದೇಶಗಳ ಅಂದಾಜಿನಂತೆ ಕೊರೊನಾ ಸಾವುಗಳಲ್ಲಿ ಅರ್ಧದವರೆಗೂ ಇಂಥ ಆರೈಕೆ ಮನೆಗಳ ನಿವಾಸಿಗಳದ್ದು ಎಂದರು. ಅಷ್ಟರಲ್ಲಿ ಭೇಟಿ ನಿಷೇಧ ಬಂದು ಎಷ್ಟೋ ವಾರ ಕಳೆದಿತ್ತು.

ಒಂದು ಬಾಗಿಲು ಆಸ್ಪತ್ರೆಯದು. ಇಂಗ್ಲೆಂಡಿನಲ್ಲಿ ಮಾರ್ಚ್ 17ರಂದು ಆಸ್ಪತ್ರೆ ಹಾಸಿಗೆ ಖಾಲಿ ಮಾಡಿಸುವ ಸೂಚನೆ ಹೊರಟಿತು. ಅಲ್ಲಿಂದ ಏಪ್ರಿಲ್ 15ರವರೆಗೆ ಸುಮಾರು 25,000 ಜನರನ್ನು ಆಸ್ಪತ್ರೆಯಿಂದ ಕೇರ್ ಹೋಮ್‌ಗಳಿಗೆ ಕಳಿಸಿದರು. ಕಳಿಸುವ ಮುನ್ನ ಎಲ್ಲರಿಗೂ ಪರೀಕ್ಷೆ ಎಂಬ ನಿಯಮ ಬಂದದ್ದೇ ಏಪ್ರಿಲ್ 15ಕ್ಕೆ. ಲಕ್ಷಣವಿಲ್ಲದವರಿಂದಲೂ ಹರಡುವ ಅಪಾಯವನ್ನು ಲೆಕ್ಕಕ್ಕೆ ಹಿಡಿಯದ ಈ ನೀತಿ ಕಾನೂನುಬಾಹಿರ ಎಂದು ಅಲ್ಲಿನ ಹೈಕೋರ್ಟ್ 2022ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ಇಟಲಿಯ ಲೊಂಬಾರ್ಡಿಯಲ್ಲಿ ಪ್ರಾಂತ ಸರ್ಕಾರವೇ ಮಾರ್ಚ್ 8ರ ನಿರ್ಣಯದಲ್ಲಿ, ಸೌಮ್ಯ ಲಕ್ಷಣದ ಕೊರೊನಾ ರೋಗಿಗಳನ್ನು ಇರಿಸಿಕೊಳ್ಳಲು ವೃದ್ಧರ ಮನೆಗಳಲ್ಲಿ ಜಾಗ ಕೇಳಿತ್ತು. ಹಾಗಾಗಿ ಆಸ್ಪತ್ರೆಯಿಂದ ಮರಳುವವರಿಗಾಗಿ ಹೊರಬಾಗಿಲಿರುವ ಒಂದು ಕೋಣೆಯನ್ನು ಈಗಲೇ ಗುರುತಿಸಿ. ಪರೀಕ್ಷೆ ನೆಗೆಟಿವ್ ಬಂದಿದ್ದರೂ ಐದು ಮಂಚದ ಕೋಣೆಗೆ ನೇರವಾಗಿ ಬೇಡ. ಬಂದ ದಿನ ಒಂದು, 48 ತಾಸಿನ ಮೇಲೆ ಇನ್ನೊಂದು ಪರೀಕ್ಷೆ, ಆಮೇಲೆ ಒಳಗೆ.

ಇದಕ್ಕಿಂತ ದೊಡ್ಡ ಬಾಗಿಲು ಸಿಬ್ಬಂದಿಯದು. ಇದನ್ನು ಹೇಳುವಾಗ ಆಯಾಗಳ ಮೇಲೆ ತಪ್ಪು ಹೊರಿಸುವ ಮಾತು ಬರಬಾರದು, ತಪ್ಪಿರುವುದು ಸಂಬಳದ ವ್ಯವಸ್ಥೆಯಲ್ಲಿ. ಸ್ವೀಡನ್ 2020ರ ಏಪ್ರಿಲ್ 1ರಿಂದ ದೇಶದುದ್ದಕ್ಕೂ ಭೇಟಿ ನಿಲ್ಲಿಸಿತು, ಆದರೂ ಒಳಗೆ ಹರಡಿತು. ಅಲ್ಲಿನ ಕೊರೊನಾ ಆಯೋಗ ಅದೇ ಡಿಸೆಂಬರ್‌ನಲ್ಲಿ ಕೊಟ್ಟ ಮೊದಲ ವರದಿ ಸ್ಪಷ್ಟವಾಗಿತ್ತು: ಸಮಾಜದಲ್ಲಿ ಹರಡಿದ್ದೇ ವೃದ್ಧರ ಮನೆಗೂ ಬಂತು, ಗಂಟೆ ಲೆಕ್ಕದ ಕೆಲಸ, ಕಡಿಮೆ ತರಬೇತಿ, ನರ್ಸ್‌ಗಳ ಕೊರತೆ ಮೊದಲಾದ ಹಳೆಯ ದೋಷಗಳು ಮನೆಗಳನ್ನು ನಿಶ್ಶಕ್ತಗೊಳಿಸಿದ್ದವು. ಇಂಗ್ಲೆಂಡಿನ ಸಮೀಕ್ಷೆಯಲ್ಲೂ ಕಂಡದ್ದು ಅದೇ. ಕಾಯಿಲೆ ಬಿದ್ದಾಗ ಸಂಬಳ ಸಿಗುವ ಮನೆಗಳಲ್ಲಿ ಸೋಂಕು ಕಡಿಮೆ. ಏಜೆನ್ಸಿಯಿಂದ ದಿನಕ್ಕೊಬ್ಬರನ್ನು ಕರೆಸುವ ಮನೆಗಳಲ್ಲಿ ಹೆಚ್ಚು. ಒಂದು ದಿನ ತಪ್ಪಿದರೆ ಕೂಲಿ ಇಲ್ಲ ಎಂದಾಗ ಗಂಟಲು ಕೆರೆದರೂ ಯಾರೂ ಹೇಳುವುದಿಲ್ಲ, ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರೆ.

ಯೋಜನೆಯ ಮೊದಲ ಸಾಲು ಇದೇ ಇರಲಿ: ರಜೆ ಹಾಕಿದರೆ ಕೂಲಿ ಕಡಿತವಿಲ್ಲ. ದಿನಕ್ಕೆ 450 ರೂಪಾಯಿ ಅಂತ ಹಿಡಿದರೆ, ಒಬ್ಬರಿಗೆ 10 ದಿನಕ್ಕೆ 4,500, ಆರು ಜನರಿಗೆ 27,000. ಈ ದುಡ್ಡು ಬೇರೆ ಖಾತೆಯಲ್ಲಿರಲಿ, ಕೇಳಿದ ದಿನವೇ ಕೈಗೆ ಸಿಗಲಿ. ರಾತ್ರಿ ಪಾಳಿಗೆ ಹೋಗುವ ಇಬ್ಬರಿಗೆ ಸೋಂಕಿನ ತಿಂಗಳುಗಳಲ್ಲಿ ಆ ಗಳಿಕೆಯನ್ನೂ ಆಶ್ರಮದ ಟ್ರಸ್ಟೇ ತುಂಬಿಕೊಟ್ಟು ಒಂದೇ ಕಡೆ ಉಳಿಸಿಕೊಳ್ಳಬೇಕು. ಬರೀ "ಹೋಗಬೇಡಿ" ಎಂದರೆ ಹೇಳದೆ ಹೋಗುತ್ತಾರೆ, ಹೊಟ್ಟೆಪಾಡು ಅದು.

14 ಜನರನ್ನು ಕೆಳಗಿನ ತಂಡ ಆರು, ಮೇಲಿನ ತಂಡ ಆರು, ಅಡುಗೆಗೆ ಇಬ್ಬರು ಎಂದು ಹಂಚಿ. ಎರಡು ತಂಡಗಳು ಪಾಯಖಾನೆ, ಚಹಾದ ಜಾಗ, ಬಿ.ಪಿ. ಯಂತ್ರ ಯಾವುದನ್ನೂ ಹಂಚಿಕೊಳ್ಳಬಾರದು. ಹಿರಿಯರ ಮುಂದೆ ಎಲ್ಲರೂ ಮಾಸ್ಕ್ ಹಾಕುತ್ತಾರೆ, ಚಹಾಕ್ಕೆ ಕೂತಾಗ ಆರೂ ಜನ ಒಟ್ಟಿಗೆ ತೆಗೆಯುತ್ತಾರೆ. ಸಿಬ್ಬಂದಿಯೊಳಗೆ ಹರಡುವುದು ಅಲ್ಲೇ. ಇಬ್ಬಿಬ್ಬರಾಗಿ ಅಂಗಳದಲ್ಲಿ ಕುಡಿಯಲಿ. ಎಂಟ್ಹತ್ತು ಜನ ತುಂಬಿದ ಟಂಟಂ ಆಟೋದಲ್ಲಿ ಬರುವವರಿಗೆ ಗೇಟಿನಲ್ಲಲ್ಲ, ಮನೆಯಲ್ಲೇ ಹಾಕಿಕೊಳ್ಳಲು ಮಾಸ್ಕ್ ಕೊಟ್ಟಿರಬೇಕು.

ಒಂದೇ ವಾರದಲ್ಲಿ ಅರ್ಧ ಸಿಬ್ಬಂದಿ ಮಲಗಿದರೆ ಏನು ಎಂಬುದಕ್ಕೂ ಉತ್ತರ ಇರಲಿ. ಸ್ಪೇನಿನಲ್ಲಿ ಸೋಂಕು ನಿವಾರಣೆಗೆ ಹೋದ ಸೇನೆಯ ತುರ್ತು ಪಡೆಗೆ ಕೆಲವು ಮನೆಗಳಲ್ಲಿ ಯಾರೂ ನೋಡಿಕೊಳ್ಳದೆ ಬಿಟ್ಟ ವೃದ್ಧರು, ಹಾಸಿಗೆಯಲ್ಲೇ ತೀರಿಕೊಂಡವರು ಸಿಕ್ಕರೆಂದು ರಕ್ಷಣಾ ಸಚಿವೆ ಮಾರ್ಗರೀತಾ ರೋಬ್ಲೆಸ್ ಮಾರ್ಚ್ 23ರಂದು ಹೇಳಿದರು. ನಿಮ್ಮಲ್ಲಿ ಏಳು ಜನರ ಮೀಸಲು ಪಟ್ಟಿ ಬೇಕು. ಮಗ್ಗುಲು ಬದಲಿಸುವುದು, ಉಣ್ಣಿಸುವುದು, ಡೈಪರ್ ಬದಲಿಸುವುದನ್ನು ಅವರಿಗೆ ಮೊದಲೇ ಎರಡು ದಿನ ಕಲಿಸಿರಬೇಕು.

ಸಿಸ್ಟರ್ ಅಕ್ಕ, ಕಲಬುರಗಿ:

ಮೇಲಿನ ಮಾತಿಗೆ ಒಂದು ಸೇರ್ಪಡೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ ಆಮೇಲೆ ಮಾಡಿದ ಲೆಕ್ಕದಲ್ಲಿ, ಆಸ್ಪತ್ರೆಯಿಂದ ಬಂದವರಿಂದಲೇ ಶುರುವಾದ ಹರಡುವಿಕೆಯ ಪಾಲು ಸಣ್ಣದು ಎಂದು ಬಂತು. ಆ ವಾರಗಳಲ್ಲಿ ಪರೀಕ್ಷೆಯೇ ಕಮ್ಮಿ ಇದ್ದದ್ದರಿಂದ ಆ ಲೆಕ್ಕ ನಿಜಕ್ಕಿಂತ ಕೆಳಗಿರಬಹುದು. ಹೇಗೇ ಇರಲಿ, ಸಿಬ್ಬಂದಿಯ ಬಾಗಿಲೇ ದೊಡ್ಡದು ಎಂಬುದು ಇನ್ನೂ ಗಟ್ಟಿಯಾಗುತ್ತದೆ.

ಜ್ವರದ ಗನ್ ಬಗ್ಗೆ ಹೇಳಬೇಕು. ಬಿಸಿಲಿನಲ್ಲಿ ನಡೆದು ಬಂದವರ ಹಣೆ ಸುಟ್ಟಿರುತ್ತದೆ, ಬೆವರು ಒರೆಸಿದ ಹಣೆ ತಣ್ಣಗಿರುತ್ತದೆ. ಎರಡೂ ಸುಳ್ಳು ಓದು. 15 ನಿಮಿಷ ನೆರಳಲ್ಲಿ ಕೂಡಿಸಿ ನೋಡಿದರೂ ಲಕ್ಷಣ ಕಾಣಿಸುವ ಮುಂಚೆಯೇ ಹರಡುವವರನ್ನು ಅದು ಹಿಡಿಯುವುದಿಲ್ಲ. ಇಂಗ್ಲೆಂಡ್ ಇದನ್ನು ಅರಿತು 2020ರ ಜುಲೈಯಿಂದ ಸಿಬ್ಬಂದಿಗೆ ವಾರಕ್ಕೊಮ್ಮೆ, ನಿವಾಸಿಗಳಿಗೆ 28 ದಿನಕ್ಕೊಮ್ಮೆ ಪರೀಕ್ಷೆ ಶುರು ಮಾಡಿತು.

ಮುತ್ಯಾ, ಆಯಿ (ಅಜ್ಜ, ಅಜ್ಜಿ) ವಯಸ್ಸಿನವರಲ್ಲಿ ಜ್ವರ ಬಾರದೆಯೂ ಕಾಯಿಲೆ ಮುಂದೆ ಹೋಗಿರುತ್ತದೆ. ನೋಡಬೇಕಾದದ್ದು: ನಿನ್ನೆವರೆಗೆ ಹೆಸರು ಹಿಡಿದು ಕರೆಯುತ್ತಿದ್ದವರು ಇಂದು ಗುರುತು ತಪ್ಪುವುದು, ಕಾರಣವಿಲ್ಲದೆ ಬೀಳುವುದು, ಎರಡು ರೊಟ್ಟಿ ಉಣ್ಣುವವರು ಅರ್ಧಕ್ಕೆ ಕೈ ತೊಳೆಯುವುದು, ಹಗಲೆಲ್ಲ ಮಂಪರು, ಮೂತ್ರ ಕಮ್ಮಿಯಾಗುವುದು. ಇದನ್ನು ಮೊದಲು ಕಾಣುವವರು ಆಯಾಗಳೇ, ಡಾಕ್ಟರಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಕೋಣೆಗೊಂದು ವಹಿ ಇಡಿ.

ಈಗ, ಎಲ್ಲರೂ ಚೆನ್ನಾಗಿರುವಾಗಲೇ, ಏಳು ದಿನ ಬೆಳಿಗ್ಗೆ ಸಂಜೆ ಪ್ರತಿಯೊಬ್ಬರ ತಾಪಮಾನ, ಆಕ್ಸಿಜನ್, ಉಸಿರಿನ ಲೆಕ್ಕ ಬರೆದು ಅವರವರ ಮಾಮೂಲಿ ಅಂಕಿ ಕಂಡುಹಿಡಿಯಿರಿ. ಆಮೇಲೆ ಬಾಯಿಯ ತಾಪ ಒಂದು ಸಲ 37.8 ಡಿಗ್ರಿ ದಾಟಿದರೆ, ಮೇಲಿಂದ ಮೇಲೆ 37.2 ದಾಟಿದರೆ, ಇಲ್ಲವೇ ಅವರ ಮಾಮೂಲಿಗಿಂತ 1.1 ಡಿಗ್ರಿ ಏರಿದರೆ ಅದು ಜ್ವರವೇ. ಆಕ್ಸಿಮೀಟರ್ ಹಾಕುವ ಮುಂಚೆ ಐದು ನಿಮಿಷ ಕೂಡಿಸಿ, ಬೆರಳು ಬೆಚ್ಚಗೆ ಮಾಡಿ, ಮದರಂಗಿ ಅಥವಾ ಬಣ್ಣ ಇಲ್ಲದ ಬೆರಳು ಆರಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ. 94ಕ್ಕಿಂತ ಕೆಳಗಿದ್ದರೆ ಇನ್ನೊಂದು ಬೆರಳಲ್ಲಿ ನೋಡಿ, ಅಲ್ಲೂ ಅಷ್ಟೇ ಬಂದರೆ ಡಾಕ್ಟರಿಗೆ ಫೋನು. ಆದರೆ ವರ್ಷಗಟ್ಟಲೆ ಒಲೆ ಹೊಗೆ ಕುಡಿದ ಆಯಿಗಳಲ್ಲಿ ಕೆಲವರ ಮಾಮೂಲಿಯೇ 91, 92 ಇರಬಹುದು. ಅದಕ್ಕೇ ಮೊದಲ ಏಳು ದಿನದ ಬರಹ ಬೇಕು. ಉಸಿರನ್ನು ಪೂರಾ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ. ನಿಮಿಷಕ್ಕೆ 24 ಅಥವಾ ಹೆಚ್ಚಿದ್ದರೆ ಗಂಭೀರ.

ಒಬ್ಬರಲ್ಲಿ ಅನುಮಾನ ಬಂದರೆ ಅವರಿಗೆ, ಇಬ್ಬರಲ್ಲಿ ಬಂದರೆ ಇಡೀ ಅಂತಸ್ತಿಗೆ ಮತ್ತು ಆ ತಂಡಕ್ಕೆ ಪರೀಕ್ಷೆ. ಆಂಟಿಜೆನ್ ಕಿಟ್ (ಅಲ್ಲೇ ಬೇಗ ಫಲಿತಾಂಶ ಕೊಡುವ ಪರೀಕ್ಷೆ) ನೆಗೆಟಿವ್ ಬಂದು ಲಕ್ಷಣ ಉಳಿದರೆ 48 ತಾಸಿಗೆ ಮತ್ತೆ. ನಮ್ಮ ಕಡೆ ಎಲ್ಲರೂ ಮರೆಯುವ ವಿಷಯ ಒಂದಿದೆ: ಬಹುತೇಕ ಕಿಟ್‌ಗಳನ್ನು 2ರಿಂದ 30 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್, ಮೇನಲ್ಲಿ ಕಪಾಟಿನಲ್ಲಿಟ್ಟರೆ ಅವಧಿ ಮುಗಿಯದಿದ್ದರೂ ಕೆಟ್ಟಿರಬಹುದು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಬಳಸುವ ಅರ್ಧ ತಾಸು ಮುಂಚೆ ಹೊರಗೆ ತೆಗೆಯಿರಿ.

ಕೈಗವಸು ಹೆಚ್ಚು ಕೊಟ್ಟಷ್ಟೂ ಅಪಾಯ ಹೆಚ್ಚಬಹುದು. ಒಂದೇ ಜೊತೆ ಹಾಕಿಕೊಂಡು ಐದು ಮಂಚ ಮುಗಿಸಿದರೆ ಅದು ಹರಡುವ ಸಾಧನ. ಮಲ, ಮೂತ್ರ, ಗಾಯ ಇದ್ದಲ್ಲಿ ಮಾತ್ರ ಗವಸು, ಒಬ್ಬರಿಗೆ ಒಂದು ಜೊತೆ, ತೆಗೆದ ಮೇಲೆ ಕೈ ತೊಳೆಯುವುದು. ಮಾಸ್ಕನ್ನು ಎಲ್ಲಕ್ಕಿಂತ ಕೊನೆಗೆ, ಕೋಣೆಯ ಹೊರಗೆ ಬಂದು ತೆಗೆಯಬೇಕು.

ಇನ್ನು ಆಸ್ಪತ್ರೆಗೆ ಕಳಿಸುವ ವಿಚಾರ. ಮ್ಯಾಡ್ರಿಡ್‌ನಲ್ಲಿ 2020ರ ಮಾರ್ಚ್‌ನಲ್ಲಿ ಹೊರಟ ನಿಯಮಗಳು, ಬೇರೆಯವರ ಮೇಲೆ ಹೆಚ್ಚು ಅವಲಂಬಿತರಾದ ವೃದ್ಧರನ್ನು ಆಸ್ಪತ್ರೆಗೆ ಕಳಿಸದಂತೆ ಮಾಡಿದವು. ಇಂಗ್ಲೆಂಡಿನಲ್ಲಿ "ಹೃದಯ ನಿಂತರೆ ಮರುಜೀವ ಯತ್ನ ಬೇಡ" ಎಂಬ ಟಿಪ್ಪಣಿ ಕೆಲವರ ಕಡತಕ್ಕೆ ಅವರನ್ನಾಗಲಿ ಮನೆಯವರನ್ನಾಗಲಿ ಸರಿಯಾಗಿ ಕೇಳದೆ ಸೇರಿತ್ತೆಂದು ಅಲ್ಲಿನ ಆರೈಕೆ ಗುಣಮಟ್ಟ ಆಯೋಗ 2021ರಲ್ಲಿ ಕಳವಳ ವ್ಯಕ್ತಪಡಿಸಿತು. ನಿಮ್ಮ ಯೋಜನೆಯಲ್ಲಿ ವಯಸ್ಸಿನ ಗೆರೆ ಎಳೆಯಲೇಬೇಡಿ. 40 ಜನರನ್ನೂ ಒಬ್ಬೊಬ್ಬರಾಗಿ ಕೇಳಿ, ಅವರ ಇಚ್ಛೆ, ಕರೆಯಬೇಕಾದ ಮಗ ಅಥವಾ ಮಗಳ ನಂಬರ್, ಔಷಧಿ ಪಟ್ಟಿ ಎಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. 108 ಬಂದಾಗ ಆ ಹಾಳೆ ಅವರ ಜೊತೆಗೇ ಹೋಗಲಿ.

ಗಾಳಿ ಮೇಸ್ತ್ರಿ, ಯಾದಗಿರಿ:

ಅಣ್ಣಾರ, ಗಾಳಿ ಮಾತು ನಾ ಹೇಳ್ತೀನ್ರಿ. ಸ್ಪ್ಲಿಟ್ ಎ.ಸಿ. ಅಂದ್ರ ಒಳಗಿನ ಗಾಳೀನೇ ತಿರುಗಿಸಿ ತಂಪು ಮಾಡ್ತದ, ಹೊರಗಿನ ಗಾಳಿ ತರಂಗಿಲ್ಲ. ಒಬ್ಬರು ಕೆಮ್ಮಿದ್ದು ಐದೂ ಮಂದಿಗಿ ಹಂಚತದ. ನಮ್ಮ ಕಡಿ ಕೂಲರ್ ಇದಕ್ಕಿಂತ ಛಲೋ, ಆದ್ರ ಕೂಡಿಸೋ ಜಾಗ ನೋಡ್ಬೇಕು. ಕೋಣಿ ಒಳಗ ಮೂಲ್ಯಾಗ ಇಟ್ರ ಅದೂ ಒಳಗಿಂದೇ ತಿರುಗಿಸ್ತದ, ಮ್ಯಾಲ ಕೋಣಿ ಜಿಗಿಜಿಗಿ. ಕಿಟಕಿ ಹೊರಗ ಸ್ಟ್ಯಾಂಡ್ ಮ್ಯಾಲ ಕೂಡ್ರಸ್ರಿ, ಸುತ್ತ ಸಂದು ಮುಚ್ರಿ, ಎದುರಿನ ಕಿಟಕಿ ಕೂಲರ್ ಬಾಯಿಗಿಂತ ದೊಡ್ಡದಾಗಿ ತಗದಿಡ್ರಿ.

ಲೆಕ್ಕ ನೋಡ್ರಿ. ನಿಮ್ಮ ಕೋಣಿ 3,200 ಘನ ಅಡಿ, ಅಂದ್ರ ಸುಮಾರು 90 ಘನ ಮೀಟರ್. ವಿಶ್ವ ಆರೋಗ್ಯ ಸಂಸ್ಥೆ ರೋಗಿ ಇರೋ ಕೋಣಿಗಿ ಹೇಳಿದ್ದು ಒಬ್ಬರಿಗಿ ಸೆಕೆಂಡಿಗಿ 60 ಲೀಟರ್. ಐದು ಮಂದಿಗಿ 300 ಲೀಟರ್, ತಾಸಿಗಿ 1,080 ಘನ ಮೀಟರ್. ಕೂಲರ್ ಮ್ಯಾಲ ತಾಸಿಗಿ 2,000 ಅಂತ ಬರದಿದ್ರ, ಹುಲ್ಲಿನ ಪ್ಯಾಡ್ ಧೂಳು ಹಿಡದು ಅರ್ಧಕ್ಕ ಇಳದ್ರೂ 1,000 ಬರ್ತದ. ಹತ್ತಿರ ಹತ್ತಿರ ಸಾಕು. ಮಳಿಗಾಲದಾಗ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ನಡಸ್ರಿ. ಟಾಕಿ ನೀರು ವಾರಕ್ಕೊಮ್ಮೆ ಪೂರಾ ಖಾಲಿ ಮಾಡಿ ತಿಕ್ಕಿ ಒಣಗಿಸ್ರಿ, ಇಲ್ಲಾಂದ್ರ ಡೆಂಗಿ ಸೊಳ್ಳಿ.

ಆದ್ರ ಸೋಂಕು ಬಂದವರ ಕೋಣಿಗಿ ಕೂಲರ್ ಬ್ಯಾಡ್ರಿ. ಭಾಳ ಮಂದಿ ಇಲ್ಲೇ ತಪ್ಪತಾರ. ಕೂಲರ್ ಗಾಳೀನ ಒಳಗ ನೂಕ್ತದ, ಆ ಗಾಳಿ ಬಾಗಲ ಸಂದ್ಯಾಗಿಂದ ಪಡಸಾಲಿಗಿ ಬರ್ತದ. ಅದರ ಬದಲಿ ಆ ಕೋಣ್ಯಾಗ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹೊರಗ ಊದೋ ಹಂಗ ಹಾಕ್ರಿ. ಎದುರು ಕಿಟಕಿಗಿ ಲಾವಂಚದ ತಟ್ಟಿ ಕಟ್ಟಿ ನೀರು ಹನಿಸಿದ್ರ ಬರೋ ಗಾಳಿ ತಂಪಾಗೇ ಬರ್ತದ. ಬಾಗಲ ಮುಚ್ಚಿ, ಕೆಳಗಿನ ಸಂದಿಗಿ ಊದಿನಕಡ್ಡಿ ಹಿಡೀರಿ. ಹೊಗಿ ಕೋಣಿ ಒಳಗ ಎಳಕೊಂಡ್ರ ಬರೋಬ್ಬರಿ, ನಿಮ್ಮ ಕಡಿ ಬಂದ್ರ ತಟ್ಟಿ ಕಡಿಂದ ಗಾಳಿ ಜಾಸ್ತಿ ನುಗ್ಗಲಿಕ್ಕತ್ತದ, ಆ ಕಿಟಕಿ ಅರ್ಧ ಮುಚ್ಚಿ ಮತ್ತ ನೋಡ್ರಿ. ಎಕ್ಸಾಸ್ಟ್ ಬಾಯಿ ಮುಂದ ಬ್ಯಾರೆ ಕೋಣಿ ಕಿಟಕಿ ಅಥವಾ ಮಂದಿ ಕೂಡೋ ಕಟ್ಟಿ ಇರಬಾರದು. ಉತ್ತರ ದಿಕ್ಕಿನ ಕೆಳಗಿನ ಕೋಣಿ ಆದ್ರ ಬಿಸಲೂ ಕಮ್ಮಿ.

ಸ್ಪ್ರೇ ಪಂಪು ಕರಡಿನ್ಯಾಗಿಂದ ತಗದ ಬಿಡ್ರಿ. ಮನುಷ್ಯರ ಮ್ಯಾಲ ಕ್ಲೋರಿನ್ ಹೊಡದ್ರ ಕಣ್ಣು, ಪುಪ್ಪುಸ ಹಾಳು, ವೈರಸ್ ಒಳಗಿದ್ರ ಅದಕ್ಕೇನೂ ಆಗಂಗಿಲ್ಲ. 2020ರ ಮೇ ತಿಂಗಳದಾಗೇ ವಿಶ್ವ ಆರೋಗ್ಯ ಸಂಸ್ಥೆ ಬ್ಯಾಡ ಅಂತ ಹೇಳ್ಯಾದ. ಸಾಬೂನಿನ ನೀರಿಲೆ ಒರಸಿ, ಆಮ್ಯಾಲ ಬ್ಲೀಚಿಂಗ್ ನೀರು. ಪುಡಿಯೊಳಗ 30% ಕ್ಲೋರಿನ್ ಇದ್ರ 10 ಲೀಟರ್ ಬಕೀಟಿಗಿ 33 ಗ್ರಾಂ ಹಾಕಿದ್ರ 0.1% ಆಗ್ತದ. ರಕ್ತ, ವಾಂತಿ ಬಿದ್ದಲ್ಲಿ ಅದರ ಐದು ಪಟ್ಟು, ಸುಮಾರು 165 ಗ್ರಾಂ. ಕಲಸಿ ಅರ್ಧ ತಾಸು ಬಿಟ್ಟು ಮ್ಯಾಲಿನ ತಿಳಿ ಬಳಸ್ರಿ, 10 ನಿಮಿಷ ಹಸಿ ಇರಲಿ. ನಮ್ಮ ಸೆಕಿಗಿ ಕ್ಲೋರಿನ್ ಹಾರಿ ಹೋಗ್ತದ, ಮುಂಜಾನಿ ಮಾಡಿದ್ದು ಮರುದಿನಕ್ಕ ಉಪಯೋಗಿಲ್ಲ. ಬಾಯಿ ಬಿಚ್ಚಿಟ್ಟ ಹಳೀ ಚೀಲದ ಪುಡೀನೂ ಹಂಗೇ.

ಶಹಾಬಾದ್ ಪರಸಿಗಿ ಆಸಿಡ್ ಹಾಕಿ ತೊಳಿಯೋ ರೂಢಿ ಅದ. ಅದು ಸುಣ್ಣದ ಕಲ್ಲು, ಆಸಿಡಿಗಿ ಬುರಬುರ ನೊರಿ ಬಂದು ಮ್ಯಾಲ್ಮೈ ತೂತು ಬೀಳ್ತದ, ಆ ತೂತಿನಾಗ ಹೊಲಸು ಕೂಡ್ತದ. ಅದಕ್ಕಿಂತ ದೊಡ್ಡ ಅಪಾಯ ಅಂದ್ರ ಆಸಿಡ್ ಹಾಕಿದ ನೆಲದ ಮ್ಯಾಲ ಬ್ಲೀಚಿಂಗ್ ನೀರು ಬಿದ್ರ ಕ್ಲೋರಿನ್ ಗ್ಯಾಸ್ ಏಳ್ತದ. ಪಾಯಖಾನಿ ತೊಳಿಯೋ ಆಸಿಡ್ ಬಾಟ್ಲಿ ಬ್ಲೀಚಿಂಗ್ ಇಟ್ಟ ಕೋಣ್ಯಾಗ ಇಡಲೇ ಬ್ಯಾಡ್ರಿ. ಒರಸೋದು ನೆಲಕ್ಕಿಂತ ಮೊದಲು ಮಂಚದ ಸರಳು, ವಾಕರ್ ಹಿಡಿ, ಕಮೋಡ್ ಕುರ್ಚಿ, ನೀರಿನ ತಂಬಗಿ, ಟಿ.ವಿ. ರಿಮೋಟ್.

ತೊಗರಿ ಕಣಜ, ಕಲಬುರಗಿ:

ಎಲ್ಲರಿಗೂ ಧನ್ಯವಾದ. ಸ್ಪ್ರೇ ಪಂಪು ತೆಗೆದು ಎಕ್ಸಾಸ್ಟ್ ಸೇರಿಸಿದೆ. ಎರಡು ಪ್ರಶ್ನೆ ಉಳಿದಿವೆ. ಫ್ರಾನ್ಸಿನಲ್ಲಿ ಸಿಬ್ಬಂದಿಯೂ ಒಳಗೇ ಉಳಿದು ಬಾಗಿಲು ಹಾಕಿಕೊಂಡರಂತೆ, ಅದನ್ನೇ ಇಲ್ಲಿ ಮಾಡಬಹುದೇ? ಎರಡನೆಯದು, ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಎಲ್ಲರ ಮನೆಯವರೂ ಬರುತ್ತಾರೆ. ಬರಬೇಡಿ ಎನ್ನಲು ಮನಸ್ಸಾಗದು.

ಕಾರಂಜಾ ದಂಡೆ, ಬೀದರ್:

ಲಿಯಾನ್ ಹತ್ತಿರದ ಕೊರ್ಬಾ ಊರಿನಲ್ಲಿ 29 ಸಿಬ್ಬಂದಿ 106 ನಿವಾಸಿಗಳ ಜೊತೆ 47 ದಿನ ಒಳಗೇ ಇದ್ದರು. ಇಂಥ 17 ಮನೆಗಳನ್ನು ಅಧ್ಯಯನ ಮಾಡಿದಾಗ 16ರಲ್ಲಿ ನಿವಾಸಿಗಳಿಗೆ ಸೋಂಕೇ ತಗಲಿರಲಿಲ್ಲ. ಆದರೆ ಅವರೆಲ್ಲ ತಾವಾಗಿ ಒಪ್ಪಿದವರು. ನಿಮ್ಮ ಆಯಾಗಳಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ಸಣ್ಣ ಮಕ್ಕಳಿರಬಹುದು. ಒಪ್ಪಿದವರಿಗೆ ಹಗಲು ರಾತ್ರಿ ಎರಡರ ಕೂಲಿ, ಮಲಗಲು ಬೇರೆ ಕೋಣೆ, ಎರಡು ವಾರಕ್ಕೆ ಪಾಳಿ ಬದಲು, ಒಳಗೆ ಬರುವ ಮುನ್ನ ಎರಡು ಪರೀಕ್ಷೆ, ಇಷ್ಟಿದ್ದರೆ ಅಲೆ ಏರುವ ಕೆಲವೇ ವಾರಗಳಿಗೆ ಮಾಡಬಹುದು. ಬಲವಂತ ಬೇಡ. ಇಂಗ್ಲೆಂಡ್ 2021ರ ನವೆಂಬರ್ 11ರಿಂದ ಕೇರ್ ಹೋಮ್ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿತು. ಒಪ್ಪದವರು ಕೆಲಸ ಬಿಡಬೇಕಾಯಿತು, ಮೊದಲೇ ಕೈ ಕಮ್ಮಿ ಇದ್ದ ಮನೆಗಳು ಇನ್ನಷ್ಟು ಸೊರಗಿದವು. 2022ರ ಮಾರ್ಚ್ 15ಕ್ಕೆ ಆ ನಿಯಮ ರದ್ದಾಯಿತು.

ಭೇಟಿ ವಿಷಯಕ್ಕೆ ನೆದರ್ಲೆಂಡ್ಸ್ ನೋಡಿ. 2020ರ ಮಾರ್ಚ್ 20ರಂದು ಭೇಟಿ ನಿಲ್ಲಿಸಿ, ಮೇ 11ರಿಂದ 26 ಮನೆಗಳಲ್ಲಿ ಒಬ್ಬ ನಿವಾಸಿಗೆ ಒಬ್ಬರೇ ಖಾಯಂ ಭೇಟಿದಾರ ಎಂಬ ಕ್ರಮದಲ್ಲಿ ಮತ್ತೆ ಶುರು ಮಾಡಿದರು. ಆ ಪ್ರಯೋಗದ ಅವಧಿಯಲ್ಲಿ ಅಲ್ಲಿ ಹೊಸ ಸೋಂಕು ಕಂಡುಬರಲಿಲ್ಲ. ಮನೆಯವರು ಬರದಿದ್ದರೆ ಬೇಸರವೊಂದೇ ಅಲ್ಲ, ಉಣಿಸುವ ಕೈಯೂ ಇಲ್ಲವಾಗುತ್ತದೆ. ಮರೆವಿನ ಕಾಯಿಲೆಯವರು ಗುರುತಿನ ಮುಖ ಕಾಣದಿದ್ದರೆ ಊಟ ನೀರು ಬಿಡುತ್ತಾರೆ. ಆದ್ದರಿಂದ ಈಗಲೇ 40 ಜನರಿಗೂ ಒಬ್ಬೊಬ್ಬ ಖಾಯಂ ಭೇಟಿದಾರರ ಹೆಸರು ಬರೆಸಿಕೊಳ್ಳಿ, ಮಾಸ್ಕ್ ಹಾಕುವುದು, ಕೈ ತೊಳೆಯುವುದು ಕಲಿಸಿ, ಪರೀಕ್ಷೆಯಲ್ಲಿ ಅವರನ್ನು ಸಿಬ್ಬಂದಿಯಂತೆಯೇ ಎಣಿಸಿ. ಅವರನ್ನು ಯಾವ ಅಲೆಯಲ್ಲೂ ತಡೆಯಬಾರದು.

ಎಳ್ಳಮಾವಾಸ್ಯೆ ಚಳಿಗಾಲದ ಹಬ್ಬ, ಕೋಣೆಗಳ ಕಿಟಕಿ ಮುಚ್ಚಿರುವ ಕಾಲ. ಕೂಟ ಬೇವಿನ ಮರದ ಕೆಳಗೆ ಇರಲಿ. ಕೋಣೆವಾರು ಐದು ಕುಟುಂಬಕ್ಕೆ ಒಂದು ತಾಸು, ಮಧ್ಯೆ 20 ನಿಮಿಷ ಬಿಡುವು. ಭಜ್ಜಿ ತರಲಿ, ಅದರಿಂದ ಹರಡುವುದಿಲ್ಲ. ಒಂದೇ ಗಂಗಾಳದಲ್ಲಿ ಕೂಡಿ ಉಣ್ಣುವುದು ಬೇಡ.

ಸಿಸ್ಟರ್ ಅಕ್ಕ, ಕಲಬುರಗಿ:

ಪ್ರತ್ಯೇಕ ಇಟ್ಟವರಿಗೆ ದಿನಕ್ಕೆ ಒಂದೂವರೆ ಲೀಟರ್ ದ್ರವ ಹೋಗಬೇಕು. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರ್ ಹೇಳಿದಷ್ಟು. ಮಜ್ಜಿಗೆ, ಅಂಬಲಿ, ಸಾರು ಎಲ್ಲ ಲೆಕ್ಕಕ್ಕೆ ಬರುತ್ತದೆ. 150 ಮಿ.ಲೀ. ಲೋಟದಲ್ಲಿ ಹತ್ತು ಸಲ, ಕುಡಿದ ಮೇಲೆ ಗೆರೆ ಎಳೆಯಿರಿ, ಕೊಟ್ಟ ಮೇಲಲ್ಲ. ವಾರಕ್ಕೊಮ್ಮೆ ತೂಕ. ಕಿವಿ ಮಂದ ಇದ್ದವರಿಗೆ ಮಾಸ್ಕಿನ ಹಿಂದಿನ ಮಾತು ತಲುಪುವುದಿಲ್ಲ, ಪಾಟಿ ಮೇಲೆ ದೊಡ್ಡದಾಗಿ ಬರೆದು ತೋರಿಸಿ.

ತೊಗರಿ ಕಣಜ, ಕಲಬುರಗಿ:

ಅಕ್ಕಾರ, ಮೇಡಂ, ಗಾಳಿ ಮೇಸ್ತ್ರಿ ಅಣ್ಣಾರ, ಕೊನೆಯದೊಂದು. ಆಂಬುಲೆನ್ಸ್ ಬರುವವರೆಗೆ ಆಕ್ಸಿಜನ್ ಎಷ್ಟು ಇಟ್ಟುಕೊಳ್ಳಬೇಕು? ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಕಾನ್ಸಂಟ್ರೇಟರ್ ಯಂತ್ರ ಸಾಕೇ?

ಗಾಳಿ ಮೇಸ್ತ್ರಿ, ಯಾದಗಿರಿ:

ಎರಡೂ ಬೇಕ್ರಿ. ಐದು ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ತಿಂತದ, ಕರೆಂಟ್ ಹೋದ್ರ ನಿಂತು ಹೋಗ್ತದ. ಬಹಳಷ್ಟು ಯಂತ್ರ 40 ಡಿಗ್ರಿ ಮಟ ಅಷ್ಟೇ ಕೆಲಸಕ್ಕ ಹೇಳಿದ್ದು. ಮೇ ತಿಂಗಳದಾಗ ತಂಪು ಕೋಣ್ಯಾಗ, ಗ್ವಾಡಿಯಿಂದ ಒಂದು ಅಡಿ ದೂರ ಇಡ್ರಿ, ಧೂಳಿನ ಫಿಲ್ಟರ್ ವಾರಕ್ಕೊಮ್ಮೆ ತೊಳೀರಿ. ಜೊತಿಗಿ ಬಿ ಟೈಪ್ ಸಿಲಿಂಡರ್ ಎರಡು. ಅದು 10 ಲೀಟರ್ ನೀರಿನ ಅಳತಿ, 150 ಬಾರ್ ಒತ್ತಡಕ್ಕ ತುಂಬಿದ್ರ 1,500 ಲೀಟರ್ ಆಕ್ಸಿಜನ್. ನಿಮಿಷಕ್ಕ ಐದು ಲೀಟರ್ ಬಿಟ್ರ ಐದು ತಾಸು, ಎರಡು ಲೀಟರ್ ಆದ್ರ ಹನ್ನೆರಡೂವರೆ ತಾಸು. ಗೇಜ್ ನೋಡಿ ಉಳಿದದ್ದು ಹೇಳಬೇಕಂದ್ರ ಬಾರ್ ಅಂಕಿಯನ್ನ 10ರಿಂದ ಗುಣಸ್ರಿ. 80 ತೋರಿಸಿದ್ರ 800 ಲೀಟರ್, ಐದು ಲೀಟರಿಗಿ 160 ನಿಮಿಷ. 30ಕ್ಕ ಇಳದ ಕೂಡ್ಲೇ ಎರಡನೇದಕ್ಕ ಬದಲಿ ಮಾಡ್ರಿ, ಖಾಲಿಯಾದದ್ದನ್ನ ಅವತ್ತೇ ತುಂಬಿಸಲಿಕ್ಕಿ ಕಳಸ್ರಿ. ಸರಪಳಿ ಹಾಕಿ ನೆಟ್ಟಗ ನಿಲ್ಲಸ್ರಿ, ವಾಲ್ವಿಗಿ ಎಣ್ಣಿ, ಗ್ರೀಸ್ ಮುಟ್ಟಸ್ಬ್ಯಾಡ್ರಿ, ಪಾನಾ ಅದರ ಕೊಳ್ಳಾಗೇ ಕಟ್ಟಿರಲಿ.